ಕೊಸರು

ತೊಕ್ಮೊಕ್ ಸಂತೆಯಲ್ಲಿ ಹದಿನೇಳು ಕುರಿಯ ದುಡ್ಡು ಸುರಿದು
ಕೊಂಡೆ ಈ ಔಡಿಯನ್ನು. ನನಗಿಂತ ಎಂಟೇ ವರ್ಷ ಚಿಕ್ಕದು.
ಮಾರಿದವನು ಬಾನೆಟ್ ಸವರುತ್ತ ಹೇಳಿದ:
"ಜರ್ಮನಿಯ ಮುದುಕಿಯೊಬ್ಬಳದು. ಚರ್ಚಿಗೆ ಹೋಗಿ ಬರುತ್ತಿದ್ದಳು, ಅಷ್ಟೇ."
ಹಳೇ ಕಾರುಗಳನ್ನೆಲ್ಲ ಮುದುಕಿಯರೇ ಓಡಿಸಿರುತ್ತಾರೆ,
ಎಲ್ಲ ಮುದುಕಿಯರಿಗೂ ಚರ್ಚು ಹತ್ತಿರವೇ ಇರುತ್ತದೆ.
ಕೊಸರು ಕೇಳಿದೆ.
ಗಾಳಿಯಿಲ್ಲದ ಒಂದು ಸ್ಟೆಪ್ನಿ ಎತ್ತಿ ಹಾಕಿದ.

ಮರುದಿನ ನಾರಿನ್‌ನಲ್ಲಿ ಸಾದಿರ್‌ಬಾಯ್ ಶೆಡ್ಡಿನೆದುರು ನಿಲ್ಲಿಸಿದರೆ
ಅವನು ಕಾರು ನೋಡಲೇ ಇಲ್ಲ, ಕೆಳಗಿನ ನೆಲ ನೋಡಿದ,
ಮಗುವಿನ ಬಟ್ಟೆ ನೋಡುವ ಹಾಗೆ: ಎಲ್ಲಿ ಒದ್ದೆ, ಯಾವ ಬಣ್ಣ.
"ಹಸಿರಾದರೆ ಕೂಲಂಟು, ಕಪ್ಪಾದರೆ ಆಯಿಲ್ಲು.
ಏನೂ ತೊಟ್ಟಿಕ್ಕದಿದ್ದರೆ
ಒಳಗೇನೂ ಉಳಿದಿಲ್ಲ ಅಂತ ಲೆಕ್ಕ."

ಪುಸ್ತಕ ಇದೆಯಾ ಅಂದ.
ಇತ್ತು. ಶಾಲೆಯ ಗ್ರಂಥಪಾಲಕಿ ನಾನು, ಮೊದಲು ಬಿಡಿಸಿದ್ದೇ ಅದನ್ನು:
ಕಾಸೆಲ್ ಎಂಬ ಊರಿನ ಗ್ಯಾರೇಜಿನ ಮೊಹರುಗಳು ಸಾಲಾಗಿ,
ನೀಲಿ ಶಾಯಿ, ಕೆಳಗೆ ಪ್ರತಿಸಲವೂ ಅದೇ ಬಾಗಿದ ಸಹಿ,
2004ರ ಮಾರ್ಚಿಗೆ ನಿಂತುಹೋಗಿದೆ.
ಆಮೇಲೆ ಖಾಲಿ ಮನೆಗಳು.
ಎರವಲು ಬರೆಸದೆ ಒಯ್ದ ಪುಸ್ತಕ ಈ ಗಾಡಿ,
ಯಾರ ಕೈಯಿಂದ ಯಾರ ಕೈಗೆ ದಾಟಿತೋ.
ಮೀಟರು ಒಂದು ಲಕ್ಷ ಎಂಬತ್ತೇಳು ಸಾವಿರ ಅನ್ನುತ್ತದೆ.
"ಎಷ್ಟನೇ ಸಲ?" ಎಂದು ಸಾದಿರ್‌ಬಾಯ್ ಮೀಟರನ್ನೇ ಕೇಳಿದ.

"ಟೈಮಿಂಗ್ ಬೆಲ್ಟು?"
"ಹೊಸದು ಅಂದ."
"ಬರೆದಿದೆಯಾ?"
"ಇಲ್ಲ."
"ಹಾಗಾದರೆ ಹಾಕಿಲ್ಲ."
ನಮ್ಮಲ್ಲೂ ಅದೇ ಕಾನೂನು. ವಾಪಸು ಕೊಟ್ಟೆ ಎಂದು
ಹುಡುಗರು ಅಮ್ಮನಾಣೆ ಇಡುತ್ತಾರೆ;
ಕಾರ್ಡಿನಲ್ಲಿಲ್ಲದ್ದು ಕಪಾಟಿನಲ್ಲೂ ಇರುವುದಿಲ್ಲ.

ಎರಡು ದಿನ ಬಿಚ್ಚಿದ. ನಾನು ಟಾರ್ಚು ಹಿಡಿದೆ.
ಬ್ರೇಕಿನ ದ್ರವ ಎರಡನೇ ಸಲ ಕುದಿಸಿದ ಚಹಾದ ಬಣ್ಣ.
ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಜಾತಕ:
ಮೂವತ್ತೊಂದನೇ ವಾರ, ಹನ್ನೊಂದನೇ ಇಸವಿ. ಬಿಸಾಡು ಅಂದ.
ಏರ್ ಫಿಲ್ಟರಿನಲ್ಲಿ ಇಲಿಯೊಂದರ ಸಂಸಾರ,
ಸೂರ್ಯಕಾಂತಿಯ ಸಿಪ್ಪೆ, ಹರಿದು ಹಾಸಿದ ವೃತ್ತಪತ್ರಿಕೆ,
ರಷ್ಯನ್ ಅಕ್ಷರ. ಜೋಡಿಸಿ ಓದಿದೆ, ಚಾಳಿ ಬಿಡದು:
'ನಾಳೆ ಮೋಡ', ಅಷ್ಟೇ ಸಿಕ್ಕಿದ್ದು.

ಮೂರನೆಯ ಬೆಳಿಗ್ಗೆ ಬೆಲ್ಟು ಹೊರಬಂತು.
ಹೊರಮೈ ನುಣುಪು. ಅವನು ಮಾತಾಡದೆ ತಿರುಚಿ
ಒಳಮೈ ಹೊರಳಿಸಿದ: ಬೇಸಿಗೆಯ ಕೆರೆಯಂಗಳದ ಬಿರುಕು.
ಎರಡು ಹಲ್ಲು ಕಳಚಿ ನನ್ನ ಅಂಗೈಗೆ ಬಿದ್ದವು.
"ಹರಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಮುತ್ತಿಡುತ್ತೆ.
ಆಮೇಲೆ ನಿನಗೆ ಇಡೀ ಹಿಂಡೇ ಬೇಕು."

ಇದೇ ಬೆಲ್ಟಿನ ಮೇಲೆ
ದೊಲೊನ್ ಕಣಿವೆ ಹತ್ತಿ ಇಳಿದು ಬಂದಿದ್ದೆ ನಾನು,
ಹಿಮದಂಚಿನಲ್ಲಿ, ರೇಡಿಯೋ ಜತೆ ಹಾಡಿಕೊಂಡು,
ಒಂದು ಕೈಯಲ್ಲಿ ಏಪ್ರಿಕಾಟ್ ತಿನ್ನುತ್ತ.
ಡಬ್ಬದ ಮೇಲೆ ಕೂತುಬಿಟ್ಟೆ.
ಸಾದಿರ್‌ಬಾಯ್ ಚಹಾ ತರಿಸಿದ, ನನ್ನ ಕಡೆ ನೋಡದೆ
ಹೊಸ ಬೆಲ್ಟಿನ ಪೊಟ್ಟಣ ಒಡೆದ.

ಇನ್ನೂ ನಾಲ್ಕು ಕುರಿ. ಕೊಟ್ಟೆ.
ಖಾಲಿ ಮನೆಯಲ್ಲಿ ಅವನು ತಾರೀಖು ಬರೆದ; ಮೊಹರಿಲ್ಲ ಅವನಿಗೆ.
ಚೀಲದಿಂದ ನನ್ನದನ್ನೇ ತೆಗೆದು ಒತ್ತಿದೆ ಕಾಸೆಲ್ಲಿನ ಕೆಳಗೆ,
ಶಾಲಾ ಗ್ರಂಥಾಲಯ, ನಾರಿನ್, ನೇರಳೆ ಶಾಯಿ;
'ಹಿಂದಿರುಗಿಸುವ ದಿನ' ಎಂಬಲ್ಲಿ
ಅರವತ್ತು ಸಾವಿರ ಕಿಲೋಮೀಟರು ಎಂದು ತುಂಬಿದೆ.

ಸೋಮವಾರ ಆತ್-ಬಾಶಿಯ ಮಕ್ಕಳಿಗೆ ಪುಸ್ತಕ ಹೇರಿಕೊಂಡು ಹೊರಟರೆ
ಸೂಜಿ ನಟ್ಟನಡುವೆ ನಿಂತಿದೆ, ಬ್ರೇಕು ಮಾತು ಕೇಳುತ್ತದೆ.
ಆದರೆ ಅರವತ್ತು ದಾಟಿದೊಡನೆ ಹಿಂದೆ, ಬಲಗಡೆ, ಟಿಕ್ ಟಿಕ್.
ತಿರುಗಿಸಿ ತಂದೆ. ಚಕ್ರ ಕಳಚಿ, ಅಡಿಗೆ ತೂರಿ, ಸೀಟಿನ ಕೆಳಗೆ ಕಿವಿಯಿಟ್ಟು
ಮಧ್ಯಾಹ್ನದವರೆಗೆ ಹುಡುಕಿದ. ಸಿಗಲಿಲ್ಲ.
"ಇದಕ್ಕೆಷ್ಟು?" ಅಂದೆ.
ಕೈ ಒರೆಸಿಕೊಳ್ಳುತ್ತ ಅಂದ:
"ಇದಕ್ಕೇನೂ ಇಲ್ಲ. ಇದು ಕೊಸರು."